ಮಂಗಳೂರಲ್ಲಿ ಕಾರ್ಪೊರೇಟರ್ ಅಭ್ಯರ್ಥಿ ಮನೆಗೆ ಬಂದಾಗ ಏನು ಕೇಳಬೇಕು?

ಕರಪತ್ರ ತೆಗೆದುಕೊಂಡು ಸುಮ್ನೆ ಕಳಿಸಬೇಡಿ. ಮೊದಲು ನೀರಿನ ವಿಷಯ ಎತ್ತಿ. ಊರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಬೇಸಿಗೆಯಲ್ಲಿ ಅಲ್ಲಿ ಮಟ್ಟ ಇಳಿಯುತ್ತದೆ, ಹಾಗಿರುವಾಗ ವಾರ್ಡಿನಲ್ಲಿ ಏಳುತ್ತಿರುವ ಹೊಸ ಅಪಾರ್ಟ್‌ಮೆಂಟ್‌ಗಳಿಗೆ ನೀರು ಎಲ್ಲಿಂದ, ಅವುಗಳ ಕೊಳಚೆ ಎಲ್ಲಿಗೆ ಅಂತ ಬಿಡದೆ ಕೇಳಿ. "ನೋಡೋಣ" ಅಂದರೆ ಒಪ್ಪಬೇಡಿ.

ಆಮೇಲೆ ಹತ್ತಿರದ ರಾಜಕಾಲುವೆಗೆ ಕರೆದುಕೊಂಡು ಹೋಗಿ. ಮೋರಿ ಬಾಯಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್, ಬೊಂಡದ ಚಿಪ್ಪು, ಕಟ್ಟಡದ ಮಣ್ಣು ತೋರಿಸಿ. ಹೂಳೆತ್ತುವುದು ಮಳೆಗೆ ಮುಂಚೆಯೇ ಆಗಬೇಕು, ಅಲ್ವಾ?

ಕಸವನ್ನಂತೂ ಮರೆಯಬೇಡಿ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟಗಳನ್ನೇ ಮುಚ್ಚಿತು. ಹಸಿ ಕಸವನ್ನು ವಾರ್ಡಿನಲ್ಲೇ ಗೊಬ್ಬರ ಮಾಡುವ ಯೋಜನೆ ಇದೆಯಾ ಕೇಳಿ.

ರಾಷ್ಟ್ರೀಯ ಹೆದ್ದಾರಿ ಪಾಲಿಕೆಯ ಕೈಯಲ್ಲಿಲ್ಲ, ಅದರ ಭರವಸೆ ನಂಬಬೇಡಿ. ಉತ್ತರಗಳನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ.