ಒಲೆ ಆರಿಸಿದ ಮೇಲೂ ಬೇಳೆ ಬೇಯಿಸುವುದು ಹೇಗೆ?

1948ರ ಜೂನ್‌ನಲ್ಲಿ, ಯುದ್ಧ ಮುಗಿದ ಮೂರೇ ವರ್ಷಕ್ಕೆ, ಸೋವಿಯತ್ ಆಡಳಿತ ಪಶ್ಚಿಮ ಬರ್ಲಿನ್ನಿಗೆ ಬರುವ ರಸ್ತೆ, ರೈಲು ದಾರಿಗಳನ್ನು ಮುಚ್ಚಿತು. ಕಲ್ಲಿದ್ದಲೂ ವಿಮಾನದಲ್ಲೇ ಬರಬೇಕಾಯಿತು. ಮನೆಗಳಿಗೆ ಕರೆಂಟು ದಿನಕ್ಕೆ ಕೆಲವೇ ತಾಸು, ಕೆಲವೊಮ್ಮೆ ನಡುರಾತ್ರಿಯಲ್ಲಿ. ಅಂಥ ಕಾಲದಲ್ಲಿ ಜರ್ಮನ್ ಗೃಹಿಣಿಯರ ಕೈಹಿಡಿದದ್ದು ‘ಕೋಖ್‌ಕಿಸ್ಟೆ’, ಅಂದರೆ ಒಣಹುಲ್ಲು ತುಂಬಿದ ಪೆಟ್ಟಿಗೆ. ಕುದಿಸಿದ ಪಾತ್ರೆಯನ್ನು ಇದರಲ್ಲಿ ಹುದುಗಿಸಿಟ್ಟರೆ ಹುಲ್ಲು ಬಿಸಿ ಹಿಡಿದಿಡುತ್ತದೆ, ಒಳಗಿನದು ಆ ಬಿಸಿಯಲ್ಲೇ ಬೇಯುತ್ತದೆ. 2022ರಲ್ಲಿ ರಷ್ಯಾದ ಗ್ಯಾಸ್ ನಿಂತು ಬೆಲೆ ಏರಿದಾಗ ಬರ್ಲಿನ್ನಿನ ನಮ್ಮ ಕನ್ನಡದವರೂ ಇದನ್ನು ಮಾಡಿ ನೋಡಿದರು. ಬೇಳೆ ಬೇಯಲಿಲ್ಲವೆಂದು ಎಷ್ಟೋ ಜನ ಕೈಬಿಟ್ಟರು. ಅವಸರ ಮಾಡಿದ್ದೇ ಕಾರಣ.

ಮರದ್ದೋ ರಟ್ಟಿನದೋ ಪೆಟ್ಟಿಗೆ ತೆಗೆದುಕೊಂಡು ತಳಕ್ಕೆ ನಾಲ್ಕು ಬೆರಳು ದಪ್ಪ ಹುಲ್ಲು ಹಾಸಿ. ಹುಲ್ಲು ಸಿಗದಿದ್ದರೆ ಹಳೇ ರಜಾಯಿ ಸಾಕು. ಥರ್ಮಾಕೋಲ್ ಬೇಡ, ಬಿಸಿ ಪಾತ್ರೆ ತಗುಲಿದರೆ ಕರಗುತ್ತದೆ. ಬಿಸಿ ಹಿಡಿದಿಡಲೆಂದು ಅಂಗಡಿಯಲ್ಲಿ ಸಿಗುವ ತೆಳು ಚೀಲಗಳಿಗೂ ದುಡ್ಡು ಹಾಕಬೇಡಿ.

ಬೇಳೆಯನ್ನು ಒಂದು ತಾಸು ನೆನೆಸಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಪಾತ್ರೆ ದಪ್ಪ ತಳದ್ದಿರಲಿ, ಮುಚ್ಚಳ ಬಿಗಿಯಾಗಿ ಕೂರಲಿ, ಮುಕ್ಕಾಲು ಭಾಗವಾದರೂ ತುಂಬಿರಲಿ. ಅರ್ಧ ಖಾಲಿ ಪಾತ್ರೆ ಬೇಗ ಆರುತ್ತದೆ. ಒಂದು ಕುದಿ ಬಂತೆಂದು ಇಳಿಸಬಾರದು. ನೀರು ಕುದ್ದರೂ ಕಾಳಿನ ಒಳಗೆ ಬಿಸಿ ಹೋಗಿರುವುದಿಲ್ಲ. ತೊಗರಿಬೇಳೆಯನ್ನು ಹತ್ತು ನಿಮಿಷ ಕುದಿಸಿ. ರಾತ್ರಿಯಿಡೀ ನೆನೆದ ರಾಜ್ಮಾ ಆದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹದಿನೈದು ನಿಮಿಷ ಕೊತಕೊತ ಕುದಿಯಲೇಬೇಕು, ಇಲ್ಲದಿದ್ದರೆ ಅದರ ವಿಷದಿಂದ ವಾಂತಿಯಾಗಬಹುದು. ಹುಣಸೆಹುಳಿ ಈಗಲೇ ಹಾಕಬೇಡಿ, ಬೇಳೆ ಬೇಯದು. ಕಡೆಯ ಎರಡು ನಿಮಿಷ ಮುಚ್ಚಳ ಹಾಕಿಯೇ ಕುದಿಸಿ, ಆಮೇಲೆ ತೆರೆದು ನೋಡುವ ಆಸೆ ಬಿಡಿ. ಒಲೆಯಿಂದ ನೇರ ಪೆಟ್ಟಿಗೆಗೆ ಇಳಿಸಿ. ಸುತ್ತಲೂ ಮೇಲೂ ಹುಲ್ಲು ಒತ್ತಿ ತುಂಬಿ, ಮೇಲೊಂದು ದಿಂಬು ಹೇರಿ. ಬೆರಳು ತೂರುವಷ್ಟು ಸಂದು ಉಳಿದರೂ ಬಿಸಿ ಅಲ್ಲೇ ಸೋರುತ್ತದೆ.

ತೊಗರಿಬೇಳೆಗೆ ಎರಡು ತಾಸು, ಕಾಳುಗಳಿಗೆ ನಾಲ್ಕು. ಅನ್ನಕ್ಕೆ ಒಂದು ತಾಸು ಸಾಕು. ಆವಿ ಹೊರಹೋಗದ ಕಾರಣ ನೀರು ಸ್ವಲ್ಪ ಕಡಿಮೆ ಇಡಿ.

ತೆರೆದಾಗ ಪಾತ್ರೆ ಕೈ ಇಡಲಾಗದಷ್ಟು ಸುಡುತ್ತಿರಬೇಕು. ಬರೀ ಉಗುರುಬೆಚ್ಚಗಿದ್ದರೆ ಉಣ್ಣಬೇಡಿ. ಹಾಗೆ ಉಗುರುಬೆಚ್ಚಗೆ ಉಳಿದ ಅನ್ನದಲ್ಲಿ ಹುಟ್ಟುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಸರಿಯಾಗಿ ಬಂದಿದ್ದರೆ ಹುಳಿ, ಉಪ್ಪು, ಸಾರಿನಪುಡಿ ಹಾಕಿ ಒಂದು ಕುದಿ ಬರಿಸಿ, ಇಂಗಿನ ಒಗ್ಗರಣೆ ಕೊಡಿ.