ಕ್ಯಾಂಪಿನ ಸಾಕೆಟ್ಟಿಗೆ ಪ್ಲಗ್ ಹಾಕುವ ಮೊದಲು

ಕರೆಂಟು ಹುಟ್ಟುವ ಜಿಲ್ಲೆ ನಮ್ಮ ಉತ್ತರ ಕನ್ನಡ. ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಕದ್ರಾ, ಕೊಡಸಳ್ಳಿ, ನಾಗಝರಿ, ಗೇರುಸೊಪ್ಪ ಜಲವಿದ್ಯುತ್ ಕೇಂದ್ರಗಳೆಲ್ಲ ಇಲ್ಲೇ. ಆದರೂ ಗೋಕರ್ಣದ ಕುಡ್ಲೆ ಹತ್ತಿರದ ತೋಟದಲ್ಲೋ, ಶಿರಸಿಯಿಂದ ಯಾಣಕ್ಕೆ ಹೋಗುವ ದಾರಿಯ ಹೋಂಸ್ಟೇ ಅಂಗಳದಲ್ಲೋ ವ್ಯಾನ್ ನಿಲ್ಲಿಸಿ ವಯರ್ ಎಳೆದರೆ, ಸಂಜೆ ಹೊತ್ತಿಗೆ ಬಲ್ಬ್ ಮಂಕಾಗುತ್ತದೆ. ಲೈನು ಕಾಡಿನ ಒಳಗೆ ಮೈಲಿಗಟ್ಟಲೆ ಬರಬೇಕು. ಕ್ಯಾಂಪ್ ಇರುವುದು ಹೆಚ್ಚಾಗಿ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ ಕೊನೆಯ ಕಂಬದಲ್ಲಿ. ಅಡಿಕೆ ತೋಟದ ಪಂಪುಗಳು ಶುರುವಾದರಂತೂ ವೋಲ್ಟೇಜ್ ಇಳಿಯುವುದೇ. ಅದರ ಮೇಲೆ ಮನೆಯಿಂದ ಟೆಂಟಿಗೆ ಎಳೆದ ತೆಳ್ಳಗಿನ ವಯರು ಬೇರೆ.

ಹಾಗಾಗಿ ಕ್ಯಾಂಪಿನ ಕರೆಂಟನ್ನು ಬೇಸಿಗೆಯ ನಳದ ನೀರಿನ ಹಾಗೆ ನೋಡಿ: ಬಂದಾಗ ತುಂಬಿಸಿಟ್ಟುಕೊಳ್ಳಿ. ಬ್ಯಾಟರಿ ಚಾರ್ಜ್ ಮಾಡಲು ಅದು ಸಾಕು. ಲೈಟು, ಫ್ಯಾನು, ಫೋನು ಬ್ಯಾಟರಿಯಿಂದ ನಡೆಯಲಿ.

ಜೊತೆಗೆ ಒಯ್ಯಬೇಕಾದ್ದು

ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಟೆಸ್ಟರ್. 2.5 ಚದರ ಮಿಲಿಮೀಟರಿನ ಮೂರು ಎಳೆಯ ಕೇಬಲ್, ಅದಕ್ಕೆ 16 ಆಂಪಿಯರಿನ ಪ್ಲಗ್. ವೋಲ್ಟೇಜ್ ಹೆಚ್ಚುಕಡಿಮೆಯಾದರೆ ತಾನಾಗಿ ಕಟ್ ಮಾಡುವ ಪ್ರೊಟೆಕ್ಟರ್. ಇವೆಲ್ಲಕ್ಕಿಂತ ಮುಖ್ಯವಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಮೈಮೇಲೆ ಕರೆಂಟು ಹರಿದು ನೆಲಕ್ಕೆ ಹೋಗುತ್ತಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುವುದು ಅದೊಂದೇ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಎಂಸಿಬಿ ಸ್ವಿಚ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಎಂಸಿಬಿ ಕಾಯುವುದು ವಯರನ್ನು, ನಿಮ್ಮನ್ನಲ್ಲ.

ಮೊದಲು ಕೇಳಿ, ನೋಡಿ

"ಮೇನ್ ಸ್ವಿಚ್ ಎಲ್ಲಿದೆ ಮಾರಾಯ್ರೇ? ಅರ್ಥಿಂಗ್ ಗುಂಡಿ ಉಂಟಾ?" ಇವೆರಡನ್ನು ಬಂದ ಕೂಡಲೇ ಕೇಳಿ. ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಮೇನ್ ಹುಡುಕುವ ಹಾಗಾಗಬಾರದು.

ಆಮೇಲೆ ಸಾಕೆಟ್ ನೋಡಿ. ಸಮುದ್ರದ ಉಪ್ಪುಗಾಳಿಗೆ ಹಿತ್ತಾಳೆಯ ಕಿವಿಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಘಟ್ಟದ ಮೇಲಾದರೆ ಬೋರ್ಡಿನ ಒಳಗೆ ಇರುವೆ ಗೂಡು, ಹಲ್ಲಿ. ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ, ಪ್ಲಗ್ ಹಾಕಿದಾಗ ಸಡಿಲವಾಗಿ ಅಲ್ಲಾಡಿದರೆ, ಚಟಪಟ ಶಬ್ದ ಬಂದರೆ ಅದನ್ನು ಬಿಟ್ಟು ಬೇರೆ ಸಾಕೆಟ್ ಕೇಳಿ.

ಅಳೆಯುವುದು

ಮೀಟರಿನ ಡಯಲ್ ಎಸಿ 600 ಅಥವಾ 750 ವೋಲ್ಟಿಗೆ ಇರಲಿ. ಕೆಂಪು ವಯರು 10 ಆಂಪಿಯರ್ ತೂತಿನಲ್ಲಿ ಉಳಿದಿದ್ದರೆ ಸಾಕೆಟ್ಟಿಗೆ ಮುಟ್ಟಿಸಿದ ಕ್ಷಣವೇ ಶಾರ್ಟ್. ಇದನ್ನು ಪ್ರತಿ ಸಲ ನೋಡಿಕೊಳ್ಳಿ.

ಎದುರಿನಿಂದ ನೋಡಿದರೆ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್ (ಕರೆಂಟು ಬರುವುದು), ಎಡಗಡೆ ನ್ಯೂಟ್ರಲ್ (ಕರೆಂಟು ಮರಳುವುದು). ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು ಇರಬೇಕು. 200ಕ್ಕಿಂತ ಕಡಿಮೆ, 250ಕ್ಕಿಂತ ಜಾಸ್ತಿ ಇದ್ದರೆ ನಾನು ಪ್ಲಗ್ ಹಾಕುವುದಿಲ್ಲ. ಫೇಸ್–ಅರ್ಥ್ ನಡುವೆಯೂ ಸುಮಾರು ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಸಹಜ. ಟೆಸ್ಟರ್ ಎಡಗಡೆ ಉರಿದರೆ ವಯರು ಅದಲುಬದಲಾಗಿದೆ ಅಥವಾ ನ್ಯೂಟ್ರಲ್ ಎಲ್ಲೋ ತುಂಡಾಗಿದೆ.

ಇಲ್ಲೊಂದು ಮೋಸವಿದೆ. ಮಲ್ಟಿಮೀಟರ್ ಎಳೆಯುವ ಕರೆಂಟು ತೀರಾ ಕಡಿಮೆ. ಹಾಗಾಗಿ ಅರ್ಥಿಂಗ್ ಕೆಟ್ಟಿದ್ದರೂ 230 ತೋರಿಸಬಹುದು. ಕರಾವಳಿಯ ಒಣ ಮರಳು, ಚಿರೇಕಲ್ಲಿನ ನೆಲ ಎರಡೂ ಅರ್ಥಿಂಗಿಗೆ ಹೇಳಿದ್ದಲ್ಲ. ಬೇಸಿಗೆಯಲ್ಲಿ ಗುಂಡಿ ಒಣಗಿದ್ದರೆ ಎರಡು ಕೊಡ ನೀರು ಹೊಯ್ಯಲು ಹೇಳಿ. ಸರಿಯಾದ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ ಟೆಸ್ಟ್ ಬಲ್ಬ್ ಹಾಕಿ ಮಾಡುತ್ತಾರೆ. ಅದನ್ನು ನೀವೇ ಮಾಡಲು ಹೋಗಬೇಡಿ. ಅರ್ಥ್ ಕೆಟ್ಟಿದ್ದರೆ ಪರೀಕ್ಷೆ ನಡೆಯುವಾಗ ಆ ಅರ್ಥ್ ವಯರಿಗೆ ಸೇರಿದ ಲೋಹಕ್ಕೆಲ್ಲ ಕರೆಂಟು ಬಂದೀತು. ಅರ್ಥಿಂಗ್ ಬಗ್ಗೆ ಸಂಶಯವಿದ್ದರೆ ವ್ಯಾನಿಗೆ ಕನೆಕ್ಷನ್ ಬೇಡ. ವ್ಯಾನಿನ ಮೈ ಪೂರ್ತಿ ಕಬ್ಬಿಣ, ನಿಮ್ಮ ಕಾಲು ಒದ್ದೆ ಮರಳಿನ ಮೇಲೆ. ಬಾಗಿಲು ಮುಟ್ಟಿದಾಗ ಸಣ್ಣಗೆ ಜುಮ್ ಎಂದರೂ ಮೇನ್ ಆಫ್ ಮಾಡಿಸಿ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ತಕ್ಷಣ ಅದರ ಸ್ವಿಚ್ ಬಿದ್ದು ಕರೆಂಟು ಕಟ್ ಆದರೆ ಸರಿ.

ಲೋಡ್ ಕೊಟ್ಟು ನೋಡಿ

ಖಾಲಿ ಇದ್ದಾಗ 228 ತೋರಿಸುವ ಸಾಕೆಟ್ ಕೆಲಸಕ್ಕೆ ಹಚ್ಚಿದಾಗ ಏನು ಮಾಡುತ್ತದೆ ಅನ್ನುವುದು ಮುಖ್ಯ. 1500 ವಾಟಿನ ಕೆಟಲ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಹಾಗಾಗಿ ಅದನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕಬೇಡಿ. 16ರದ್ದಕ್ಕೆ ಹಾಕಿ, ನೀರು ಕುದಿಯುವಾಗ ಮತ್ತೆ ವೋಲ್ಟೇಜ್ ಅಳೆಯಿರಿ. 220ರ ಹತ್ತಿರ ನಿಂತರೆ ಅಡ್ಡಿಲ್ಲ. 200ಕ್ಕೆ ಕುಸಿದರೆ ವಯರು ತೆಳ್ಳಗಿದೆ, ಇಲ್ಲವೇ ಎಲ್ಲೋ ಜಾಯಿಂಟ್ ಸಡಿಲ. ಸ್ವಿಚ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಸುಡುತ್ತಿದ್ದರೆ ಅಲ್ಲಿಗೆ ಬಿಡಿ. ಕೇಬಲ್ ಸುರುಳಿಯನ್ನು ಪೂರ್ತಿ ಬಿಚ್ಚಿಡಿ. ಸುತ್ತಿಟ್ಟ ಕೇಬಲ್ ಒಳಗೊಳಗೇ ಕಾದು ಕರಗುತ್ತದೆ.

ಕಡಿಮೆ ವೋಲ್ಟೇಜಿಗೆ ಕೆಟಲ್ ಹಾಳಾಗುವುದಿಲ್ಲ. 180 ವೋಲ್ಟಿನಲ್ಲಿ ಅದೇ ಕೆಟಲ್ ಸುಮಾರು 920 ವಾಟ್ ಕೆಲಸ ಮಾಡುತ್ತದೆ, ಚಹಾ ತಡವಾಗುತ್ತದೆ ಅಷ್ಟೇ. ಸಂಕಟ ಇರುವುದು ಫ್ರಿಜ್ಜಿಗೆ. ಕಂಪ್ರೆಸರ್ ತಿರುಗಲಾರದೆ ಗುಂಯ್ ಎನ್ನುತ್ತಾ ಜಾಸ್ತಿ ಕರೆಂಟು ಎಳೆದು ಸುಟ್ಟುಹೋಗುತ್ತದೆ.

ಕರೆಂಟು ಹೋದಾಗ, ಬಂದಾಗ

ಹೋದ ಕೂಡಲೇ ಎಲ್ಲ ಪ್ಲಗ್ ಕಿತ್ತಿಡಿ. ಬಂದ ಮೇಲೆ ಐದು ನಿಮಿಷ ಕಾದು, ಅಳೆದು, ಒಂದೊಂದಾಗಿ ಹಾಕಿ. ಮನೆಯವರು ಜನರೇಟರ್ ಹಾಕಿದರೂ ಇದೇ ಕ್ರಮ.

ಒಂದು ಬಲ್ಬ್ ಜಗ್ ಎಂದು ಬೆಳಗಿ, ಪಕ್ಕದ ಕೋಣೆಯದು ಮಂಕಾದರೆ ಅಳೆಯುತ್ತ ಕೂರಬೇಡಿ. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದಾಗ ಹೀಗಾಗುತ್ತದೆ. 230 ಇರಬೇಕಾದ ಕಡೆ 400ರ ಹತ್ತಿರ ಏರಬಹುದು. ಮೇನ್ ಆಫ್ ಮಾಡಿಸಿ, 1912ಕ್ಕೆ ಫೋನ್ ಮಾಡಲು ಹೇಳಿ. ಗುಡುಗು ಕೇಳಿದರೂ ಕನೆಕ್ಷನ್ ತೆಗೆದುಬಿಡಿ, ಮಿಂಚು ಹತ್ತಿರ ಬರುವವರೆಗೆ ಕಾಯಬೇಡಿ.

ಕೊನೆಗೆ ಒಂದು ಮಾತು. ಎರಡೂ ತುದಿಗೆ ಪಿನ್ ಇರುವ ಕೇಬಲನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೂ ತೆಗೆದುಕೊಳ್ಳಬೇಡಿ. ಒಂದು ತುದಿ ಸಾಕೆಟ್ಟಿನಲ್ಲಿದ್ದರೆ ಇನ್ನೊಂದು ತುದಿಯ ಪಿನ್ನುಗಳಲ್ಲಿ ಕರೆಂಟು ಬಯಲಾಗಿಯೇ ಇರುತ್ತದೆ. ಹೊರಡುವಾಗ ಮೊದಲು ಬೋರ್ಡಿನ ಸ್ವಿಚ್ ಆಫ್, ಆಮೇಲೆ ಸಾಕೆಟ್ಟಿನ ಪ್ಲಗ್, ಕಡೆಗೆ ವ್ಯಾನಿನ ಕಡೆಯದು.