ವಯಸ್ಸಾದ ಬೆಕ್ಕಿಗೆ ಆಪರೇಷನ್ನಾ? ಮೊದಲು ಉಸಿರು ಎಣಿಸಿ
ಕಿಡ್ನಿಯದ್ದೋ ಥೈರಾಯ್ಡಿನದ್ದೋ ಹಳೇ ಕಾಯಿಲೆ ಇರುವ, ಹತ್ತು ವರ್ಷ ದಾಟಿದ ಬೆಕ್ಕಿಗೆ ಹಲ್ಲು ಕೀಳಿಸುವ ಅಥವಾ ಗಡ್ಡೆ ತೆಗೆಸುವ ಮಾತು ಬಂದರೆ, ತೀರ್ಮಾನಕ್ಕೆ ಮೊದಲು ಒಂದು ವಾರ ಅದು ನಿದ್ದೆಯಲ್ಲಿರುವಾಗ ಉಸಿರು ಎಣಿಸಿ ಬರೆದಿಡಿ. ಎದೆ ಏರಿ ಇಳಿದರೆ ಒಂದು. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30 ಮತ್ತೆ ಮತ್ತೆ ದಾಟುತ್ತಿದ್ದರೆ ಅದು ಹೃದಯದ ತೊಂದರೆಯ ಸುಳಿವಿರಬಹುದು; ಅರಿವಳಿಕೆ ಕೊಡುವ ಮುಂಚೆ ಹೃದಯದ ಎಕೋ (ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಬೇಕಾ ಎಂದು ಡಾಕ್ಟರಲ್ಲಿ ಕೇಳಿ. ಕ್ಲಿನಿಕ್ಕಿನ ಮೇಜಿನ ಮೇಲೆ ಹೆದರಿದ ಬೆಕ್ಕಿನ ಉಸಿರೂ ಬಿಪಿಯೂ ಏರಿರುತ್ತವೆ, ಹಾಗಾಗಿ ಮನೆಯ ಲೆಕ್ಕವೇ ಹೆಚ್ಚು ನಂಬಿಕೆಯದು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಮಧ್ಯಾಹ್ನ ಎಣಿಸಬೇಡಿ, ಬೆಳಗ್ಗಿನ ಜಾವ ಒಳ್ಳೆಯದು. ಗುರುಗುಟ್ಟುತ್ತಿದ್ದರೆ, ಕನಸಲ್ಲಿ ಮೀಸೆ ಕುಣಿಸುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು, 30ರ ಒಳಗಿದೆ ಎಂದ ಮಾತ್ರಕ್ಕೆ ಹೃದಯ ಸರಿಯಿದೆ ಎಂದಲ್ಲ. ಹೃದಯದ ಸ್ನಾಯು ದಪ್ಪಗಾಗುವ ರೋಗ ಎಷ್ಟೋ ಬೆಕ್ಕುಗಳಲ್ಲಿ ಲಕ್ಷಣವೇ ತೋರಿಸುವುದಿಲ್ಲ. ಕಿಡ್ನಿಯ ಬಗ್ಗೆಯಂತೂ ಉಸಿರು ಏನೂ ಹೇಳದು. ಅದಕ್ಕೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಲ್ಮಶ), ಮೂತ್ರದ ಸಾಂದ್ರತೆ, ಬಿಪಿ ನೋಡಲೇಬೇಕು, ಥೈರಾಯ್ಡಿಗೆ ಟಿ4 ಎಂಬ ಹಾರ್ಮೋನಿನ ರಕ್ತಪರೀಕ್ಷೆ. ತೂಕವನ್ನೂ ಬರೆದಿಡಿ: 4 ಕಿಲೋದ ಬೆಕ್ಕು 400 ಗ್ರಾಂ ಇಳಿದಿದ್ದರೆ ಅದು ಸಣ್ಣ ಸಂಗತಿಯಲ್ಲ. ಕಿಡ್ನಿ ಬೆಕ್ಕಿಗೆ ಹಿಂದಿನ ರಾತ್ರಿ ಊಟ ನಿಲ್ಲಿಸಿ ಎಂದರೆ, ನೀರು ಎಷ್ಟು ಹೊತ್ತಿನವರೆಗೆ ಇಡಬಹುದು ಎಂದು ಬೇರೆಯಾಗಿ ಕೇಳಿ; ನೀರು ಕಡಿಮೆಯಾದರೆ ಕಿಡ್ನಿಗೇ ಪೆಟ್ಟು. ಇನ್ನು ಹಲ್ಲುನೋವಿಗೆ ಬೂತಾಯಿ ಮೀನನ್ನೂ ಮೂಸಿ ಬಿಡುವ ಬೆಕ್ಕಿಗೆ, ವರದಿಗಳು ತಕ್ಕಮಟ್ಟಿಗಿದ್ದರೆ, ಬರೀ ವಯಸ್ಸು ನೋಡಿ ಆಪರೇಷನ್ ಬೇಡ ಅನ್ನಬೇಡಿ.